ಕೈ ನಿಧಾನ ಆಗಿದ್ಯಾ, ಟಿವಿ ನಿಧಾನ ಇದ್ಯಾ? ಗ್ಯಾಲಕ್ಸಿಯನ್, ಕಾಂಟ್ರಾ ಆಡಿ ಬೆಳೆದವರೊಬ್ಬರ ಪ್ರಶ್ನೆಗೆ ಉತ್ತರ

ಹಾಸನದ ಕಡೆಯ ಓದುಗರೊಬ್ಬರು ಬರೆದಿರೋದು, ಸ್ವಲ್ಪ ಚಿಕ್ಕದು ಮಾಡಿ ಹಾಕಿದೀನಿ:

"ಸರ್, ನನಗೀಗ 44 ವರ್ಷ. ಚಿಕ್ಕೋನಿದ್ದಾಗ ನಮ್ಮೂರಲ್ಲಿ ಬಸ್ ಸ್ಟ್ಯಾಂಡ್ ಹತ್ರ ಒಂದು ವಿಡಿಯೋ ಗೇಮ್ ಪಾರ್ಲರ್ ಇತ್ತು. ಅಲ್ಲಿ ಕೆಳಗಡೆ ಒಂದು ವಿಮಾನ, ಮೇಲೆ ಸಾಲಾಗಿ ಬಣ್ಣಬಣ್ಣದ ಹುಳಗಳು, ಅವು ಒಂದೊಂದೇ ಡೈವ್ ಹೊಡೆದು ಮೇಲೆ ಬೀಳ್ತಿದ್ವು. ಅದೇ ನನ್ನ ಮೊದಲ ಗೇಮು, ಶೂಟಿಂಗ್ ಗೇಮ್ ಹುಚ್ಚು ಹತ್ತಿದ್ದೇ ಅಲ್ಲಿಂದ. ಆಮೇಲೆ 92ರಲ್ಲಿ ಚಿಕ್ಕಪ್ಪ ಬೆಂಗಳೂರಿನ ನ್ಯಾಷನಲ್ ಮಾರ್ಕೆಟಿಂದ ಟಿವಿ ಗೇಮ್ ತಂದುಕೊಟ್ರು, ಜೊತೆಗೆ ಗನ್ನೂ ಇತ್ತು, ಕ್ಯಾಸೆಟ್ಟಲ್ಲಿ ಕಾಂಟ್ರಾ, 1942 ಅನ್ನೋ ವಿಮಾನದ ಗೇಮು, ಬಾತುಕೋಳಿ ಹೊಡೆಯೋದು ಎಲ್ಲಾ ಇತ್ತು. ಕಾಂಟ್ರಾನ ಮೂರೇ ಲೈಫಲ್ಲಿ ಮುಗಿಸ್ತಿದ್ದೆ. ಈಗ ಆನ್‌ಲೈನಲ್ಲಿ ಟಿವಿ ಹಿಂದೆ ಚುಚ್ಚೋ ಗೇಮ್ ಸ್ಟಿಕ್ ತರಿಸಿ 43 ಇಂಚಿನ ಎಲ್‌ಇಡಿ ಟಿವಿಗೆ ಹಾಕಿ ಆಡಿದ್ರೆ ಮೊದಲನೇ ಸ್ಟೇಜ್ ದಾಟೋಕೇ ಆಗ್ತಿಲ್ಲ. ಎಲ್ಲಾ ತುಂಬಾ ಸ್ಪೀಡ್ ಅನ್ಸುತ್ತೆ, ಜಂಪ್ ಒತ್ತಿದ್ರೆ ತಡವಾಗಿ ಹಾರ್ತಾನೆ. ವಯಸ್ಸಾಯ್ತು, ಕೈ ಹೋಯ್ತು ಅನ್ನಿಸಿ ನಿಜವಾಗ್ಲೂ ಬೇಜಾರಾಗಿದೆ. ಹಳೇ ಸೆಟ್ಟು ಅಟ್ಟದ ಮೇಲಿದೆ, ಅಡಾಪ್ಟರ್ ಕಳೆದುಹೋಗಿದೆ. ಊರಲ್ಲಿ ಅಮ್ಮನ ಡಬ್ಬಾ ಟಿವಿ ಇದೆ, ಅಣ್ಣ ಮಾತ್ರ ಗೇಮ್ ಹಾಕಿದ್ರೆ ಪಿಕ್ಚರ್ ಟ್ಯೂಬ್ ಹೋಗುತ್ತೆ ಅಂತಾನೆ. ಹಳೇದು ರಿಪೇರಿ ಮಾಡಿಸ್ಲಾ, ಬೇರೆ ತಗೊಳ್ಳಾ? 9 ವರ್ಷದ ಮಗಳಿಗೆ ಈ ಗೇಮ್‌ಗಳನ್ನ ತೋರಿಸ್ಬೇಕು ಅಂತ ಆಸೆ, ಗುಂಡು ಹೊಡೆಯೋ ಆಟ ಮಗೂಗೆ ಬೇಡ ಅಂತ ಮನೇಲಿ ವಾದ. ಆಫೀಸಲ್ಲಿ ಒಬ್ರು ಸ್ಪೇಸ್ ಇನ್ವೇಡರ್ಸ್ ಬಂದಾಗ ಜಪಾನಲ್ಲಿ ನಾಣ್ಯಾನೇ ಖಾಲಿ ಆಗಿತ್ತು ಅಂದ್ರು, ಅದು ನಿಜಾನಾ?"

ನಮಸ್ಕಾರ. ನೀವು ನಾಲ್ಕೈದು ಪ್ರಶ್ನೆ ಕೇಳಿದ್ದೀರ, ಆದ್ರೆ ಒಳಗೆ ಕೊರೀತಿರೋದು ಒಂದೇ, ಕೈ ಹೋಯ್ತಾ ಅನ್ನೋದು. ಅದಕ್ಕೆ ಮೊದಲು ಉತ್ತರ ಹೇಳ್ಬಿಡ್ತೀನಿ: ಹೋಗಿಲ್ಲ. ನಾನು ಟಿವಿ ರಿಪೇರಿಯಿಂದ ಶುರು ಮಾಡಿ ಆಮೇಲೆ ಪಾರ್ಲರ್ ಬೋರ್ಡು, ಟಿವಿ ಗೇಮ್ ಸೆಟ್ಟುಗಳನ್ನ ರಿಪೇರಿ ಮಾಡ್ಕೊಂಡು ಬಂದೋನು, ನಿಮ್ಮ ವಯಸ್ಸಿನವರು ಇದೇ ಮಾತು ಹೇಳ್ಕೊಂಡು ನನ್ನ ಹತ್ರ ಬರ್ತಾನೇ ಇರ್ತಾರೆ, ಹತ್ರತ್ರ ಎಲ್ಲರ ಕೇಸಲ್ಲೂ ತಪ್ಪು ಇರೋದು ಕೈಯಲ್ಲಲ್ಲ, ಕೈಗೂ ಸ್ಕ್ರೀನಿಗೂ ಮಧ್ಯೆ ಕೂತಿರೋ ವಸ್ತುಗಳಲ್ಲಿ.

ಮೊದಲು ನಿಮ್ಮ ಆ ಹುಳದ ಗೇಮ್ ಯಾವುದು ಅಂತ ನೋಡೋಣ, ಯಾಕಂದ್ರೆ ಮುಂದಿನ ಮಾತಿಗೂ ಅದು ಬೇಕು. ಡೈವ್ ಹೊಡೆಯೋ ಹುಳ ಅಂದ್ರೆ ಎರಡರಲ್ಲೊಂದು, 1979ರ ಗ್ಯಾಲಕ್ಸಿಯನ್ ಇಲ್ಲಾ 1981ರ ಗ್ಯಾಲಗಾ, ಎರಡೂ ಜಪಾನಿನ ನಾಮ್ಕೋದು. ನೆನಪು ಮಾಡ್ಕೊಳ್ಳಿ, ಆಟ ಶುರುವಾದಾಗ ಹುಳಗಳೆಲ್ಲಾ ಆಗ್ಲೇ ಸಾಲಾಗಿ ನಿಂತಿರ್ತಿದ್ವಾ, ಮತ್ತೆ ಒಂದು ಗುಂಡು ತಾಗೋವರೆಗೂ ಅಥವಾ ಸ್ಕ್ರೀನ್ ದಾಟೋವರೆಗೂ ಇನ್ನೊಂದು ಹೊಡೆಯೋಕೆ ಆಗ್ತಿರ್ಲಿಲ್ವಾ? ಹಾಗಿದ್ರೆ ಗ್ಯಾಲಕ್ಸಿಯನ್. ಹುಳಗಳು ಸುರುಳಿ ಸುತ್ಕೊಂಡು ಬಂದು ಆಮೇಲೆ ಜಾಗ ಹಿಡೀತಿದ್ವು, ದೊಡ್ಡ ಹುಳ ಕೆಳಗಿಳಿದು ಬೆಳಕಿನ ಬಲೆ ಬೀಸಿ ನಿಮ್ಮ ವಿಮಾನಾನ ಎತ್ಕೊಂಡು ಹೋಗ್ತಿತ್ತು, ಅದನ್ನ ಬಿಡಿಸ್ಕೊಂಡ್ರೆ ಎರಡು ವಿಮಾನ ಜೋಡಿಯಾಗಿ ಹೊಡೀಬಹುದಿತ್ತು ಅಂದ್ರೆ ಅದು ಗ್ಯಾಲಗಾ. ನೀವು ಬಲೆ ವಿಷಯ ಬರೆದಿಲ್ಲ, ಬಲೆ ನೋಡಿದೋರು ಅದನ್ನ ಮರೆಯಲ್ಲ, ಹಾಗಾಗಿ ನನ್ನ ಲೆಕ್ಕದಲ್ಲಿ ನಿಮ್ಮದು ಗ್ಯಾಲಕ್ಸಿಯನ್ನೇ.

ಇವೆರಡಕ್ಕೂ ತಾಯಿ ಬೇರು 1978ರ ಸ್ಪೇಸ್ ಇನ್ವೇಡರ್ಸ್. ಟೈಟೋ ಕಂಪನಿಯ ತೊಮೊಹಿರೊ ನಿಶಿಕಾಡೊ ಮಾಡಿದ್ದು, ಒಳಗೆ ಇಂಟೆಲ್ 8080 ಪ್ರೊಸೆಸರ್. 5 ಸಾಲು, ಸಾಲಿಗೆ 11, ಒಟ್ಟು 55 ಜೀವಿಗಳು. ಆ ಪ್ರೋಗ್ರಾಂ ಒಂದು ಫ್ರೇಮಿಗೆ, ಅಂದ್ರೆ ಸ್ಕ್ರೀನ್ ಮೇಲೆ ಒಂದು ಸಲ ಬರೆಯೋ ಚಿತ್ರಕ್ಕೆ, ಒಂದೇ ಒಂದು ಜೀವಿಯನ್ನ ಸರಿಸುತ್ತೆ, ಸೆಕೆಂಡಿಗೆ 60 ಫ್ರೇಮು, ಹಾಗಾಗಿ 55 ಇದ್ದಾಗ ಇಡೀ ಸೈನ್ಯ ಒಂದು ಹೆಜ್ಜೆ ಇಡೋಕೆ ಹತ್ರತ್ರ ಒಂದು ಸೆಕೆಂಡ್ ಬೇಕು, 10 ಉಳಿದ್ರೆ ಒಂದು ಸೆಕೆಂಡಲ್ಲಿ ಆರು ಹೆಜ್ಜೆ, ಕೊನೇದೊಂದೇ ಉಳಿದಾಗ ಪ್ರತಿ ಫ್ರೇಮಿಗೂ ಅದೇ ಓಡುತ್ತೆ. ಅಂದ್ರೆ ಕೊಂದಷ್ಟೂ ಉಳಿದೋವು ಜೋರಾಗೋದು ಮೆಷಿನ್ನಿನ ಮಿತಿಯಿಂದ ಬಂದ ಗುಣ, ನಿಶಿಕಾಡೊ ಅದನ್ನ ನೋಡಿ ಆಟಕ್ಕೆ ಚೆನ್ನಾಗಿದೆ ಅಂತ ಹಾಗೇ ಉಳಿಸ್ಕೊಂಡ್ರು. ಆ ಆಟದಲ್ಲೂ ನಿಮಗೆ ಸಿಗೋದು ಒಂದು ಸಲಕ್ಕೆ ಒಂದೇ ಗುಂಡು. ಗುರಿ ತಪ್ಪಿದ್ರೆ ಅದು ಮೇಲೆ ಹೋಗಿ ಮುಗಿಯೋವರೆಗೂ ಬರಿಗೈ. ನನಗೆ ಕೇಳಿದ್ರೆ ಈ ಜಾತಿಯ ಆಟಗಳ ರುಚಿ ಇರೋದೇ ಅಲ್ಲಿ, ಯಾವಾಗ ಹೊಡೀಬಾರದು ಅಂತ ಗೊತ್ತಿರೋದ್ರಲ್ಲಿ. ನಿಮ್ಮ ಟಿವಿ ಗೇಮ್ ರಿಮೋಟಲ್ಲಿ ಒತ್ತಿ ಹಿಡಿದ್ರೆ ಗುಂಡು ಬಿಡ್ತಾನೇ ಇರೋ ಟರ್ಬೋ ಬಟನ್ ಇತ್ತಲ್ಲ, ಗ್ಯಾಲಕ್ಸಿಯನ್ನಿಗೆ ಅದು ಉಪಯೋಗಕ್ಕೇ ಬರಲ್ಲ, ಸುಮ್ನೆ ತಪ್ಪು ಹೊತ್ತಲ್ಲಿ ಗುಂಡು ಬಿಟ್ಟು ನಿಮ್ಮನ್ನ ಸಿಕ್ಕಿಸುತ್ತೆ.

ನಾಣ್ಯದ ಕಥೆ ಇಲ್ಲೇ ಮುಗಿಸ್ತೀನಿ. ಜಪಾನಲ್ಲಿ 100 ಯೆನ್ ನಾಣ್ಯ ಖಾಲಿ ಆಗಿ ಸರ್ಕಾರ ಹೆಚ್ಚು ಟಂಕಿಸ್ಬೇಕಾಯ್ತು ಅನ್ನೋದು ಎಲ್ಲರೂ ಹೇಳೋ ಕಥೆ, ಆದ್ರೆ ಅದಕ್ಕೆ ಗಟ್ಟಿ ಆಧಾರ ಇಲ್ಲ. ಮೆಷಿನ್ ಒಳಗೆ ಬಿದ್ದ ನಾಣ್ಯ ಅಲ್ಲೇ ಕೊಳೆಯಲ್ವಲ್ಲ, ಮಾಲೀಕ ಡಬ್ಬಿ ತೆಗೆದು ಬ್ಯಾಂಕಿಗೆ ಕಟ್ತಾನೆ, ಮತ್ತೆ ಚಲಾವಣೆಗೆ ಬರುತ್ತೆ. ಗೇಮ್ ವಿಪರೀತ ಓಡಿದ್ದು ಮಾತ್ರ ನಿಜ.

ಈಗ ನಿಮ್ಮ ಮುಖ್ಯ ದೂರಿಗೆ ಬರೋಣ, ಎಲ್ಲಾ ಸ್ಪೀಡ್ ಅನ್ಸುತ್ತೆ ಅಂದ್ರಿ. ಅದು ಅನ್ಸೋದಲ್ಲ, ನಿಜವಾಗ್ಲೂ ಸ್ಪೀಡೇ ಇದೆ. ನಿಮ್ಮ ಹಳೇ ಸೆಟ್ಟು ನಿಂಟೆಂಡೋ 1983ರಲ್ಲಿ ಜಪಾನಲ್ಲಿ ಬಿಟ್ಟ ಫ್ಯಾಮಿಕಾಂ ಅನ್ನೋ ಮೆಷಿನ್ನಿನ ನಕಲು. ಆಗಿನ ಜಪಾನ್ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬರೀತಿತ್ತು, ನಮ್ಮ ದೇಶದ್ದು ಪಾಲ್ ಅನ್ನೋ ಟಿವಿ ಪದ್ಧತಿ, 50 ಸಲ. ಪಾಲ್ ಟಿವಿಗೆ ಅಂತ ಮಾಡಿದ ನಕಲು ಸೆಟ್ಟುಗಳ ಚಿಪ್ಪು ಸೆಕೆಂಡಿಗೆ 50 ಫ್ರೇಮೇ ಕೊಡ್ತಿತ್ತು, ಇಲ್ಲಿ ಓಡಿದ ಸೆಟ್ಟುಗಳಲ್ಲಿ ಹೆಚ್ಚಿನವು ಅವೇ. ಆ ಕಾಲದ ಗೇಮುಗಳಲ್ಲಿ ಓಟ, ಹಾರೋದು, ಗುಂಡಿನ ವೇಗ ಎಲ್ಲಾ ಫ್ರೇಮ್ ಲೆಕ್ಕದಲ್ಲೇ ಬರೆದಿರೋದು, ಗಡಿಯಾರದ ಲೆಕ್ಕ ಅಲ್ಲ. 300 ಫ್ರೇಮಿನ ಒಂದು ದೃಶ್ಯ ನಿಮ್ಮ ಹಳೇ ಸೆಟ್ಟಲ್ಲಿ 6 ಸೆಕೆಂಡ್ ಓಡ್ತಿತ್ತು, ನಿಮ್ಮ ಹೊಸ ಸ್ಟಿಕ್ಕು 60ರಲ್ಲಿ ಓಡ್ಸುತ್ತೆ, ಅದೇ ದೃಶ್ಯ 5 ಸೆಕೆಂಡಲ್ಲಿ ಮುಗಿಯುತ್ತೆ. ಶತ್ರುಗಳು, ಗುಂಡುಗಳು ಎಲ್ಲಾ 20 ಪರ್ಸೆಂಟ್ ಜೋರು. ನೀವು ಹತ್ತು ಹನ್ನೊಂದು ವರ್ಷದಲ್ಲಿ ಬೆರಳಿಗೆ ಕಲಿಸಿದ ತಾಳ ಬೇರೆ, ಈಗ ಟಿವಿ ಹಾಕ್ತಿರೋ ತಾಳ ಬೇರೆ.

ಇದನ್ನ ನೀವೇ ಚೆಕ್ ಮಾಡ್ಬಹುದು. ಕಾಂಟ್ರಾ ಮೊದಲನೇ ಸ್ಟೇಜಿನ ಮ್ಯೂಸಿಕ್ ಹಾಕಿ ಕಣ್ಮುಚ್ಚಿ ಕೇಳಿ. ಮ್ಯೂಸಿಕ್ ಕೂಡ ಫ್ರೇಮಿಗೆ ಕಟ್ಟಿರೋದ್ರಿಂದ ಸ್ವರ ಹೆಚ್ಚುಕಮ್ಮಿ ಅದೇ ಇದ್ದು ಓಟ ಮಾತ್ರ ಜೋರಾಗಿರುತ್ತೆ. ನೆನಪಲ್ಲಿರೋದಕ್ಕಿಂತ ಅವಸರದಲ್ಲಿ ಬಾರಿಸ್ತಿದಾರೆ ಅನ್ನಿಸಿದ್ರೆ ನಿಮ್ಮ ಸೆಟ್ಟು 50ರದ್ದೇ.

ಜಂಪ್ ತಡ ಆಗೋದು ಬೇರೇನೇ ಕಾಯಿಲೆ. ಡಬ್ಬಾ ಟಿವಿ ಸಿಗ್ನಲ್ ಬಂದ ಹಾಗೇ ಗೆರೆ ಗೆರೆಯಾಗಿ ಟ್ಯೂಬ್ ಮೇಲೆ ಬರೆದುಬಿಡುತ್ತೆ, ಮಧ್ಯೆ ಕಾಯೋ ಮಾತೇ ಇಲ್ಲ. ಎಲ್‌ಇಡಿ ಟಿವಿ ಹಾಗಲ್ಲ, ಪೂರ್ತಿ ಚಿತ್ರ ತಗೊಂಡು, ದೊಡ್ಡದು ಮಾಡಿ, ಬಣ್ಣ ತಿದ್ದಿ, ಮೋಷನ್ ಸ್ಮೂತ್ ಮಾಡ್ತೀನಿ ಅಂತ ಒಂದೆರಡು ಫ್ರೇಮ್ ಕೈಯಲ್ಲಿಟ್ಕೊಂಡು ಆಮೇಲೆ ತೋರಿಸುತ್ತೆ. ಇದೆಲ್ಲಾ ಆನ್ ಇದ್ರೆ 50ರಿಂದ 100 ಮಿಲಿಸೆಕೆಂಡ್ ತಡ ಆಗೋದು ಮಾಮೂಲಿ, ಕೆಲವು ಟಿವೀಲಿ ಅದನ್ನೂ ದಾಟುತ್ತೆ. ಅದರ ಮೇಲೆ ಅಗ್ಗದ ಸ್ಟಿಕ್ಕಿನ ಒಳಗಿರೋ ಎಮ್ಯುಲೇಟರ್ (ಹಳೇ ಮೆಷಿನ್ ಥರಾನೇ ನಡ್ಕೊಳ್ಳೋ ಪ್ರೋಗ್ರಾಂ) ಸ್ವಲ್ಪ, ವೈರ್‌ಲೆಸ್ ರಿಮೋಟ್ ಸ್ವಲ್ಪ ಸೇರಿಸುತ್ತೆ. 100 ಮಿಲಿಸೆಕೆಂಡ್ ಅಂದ್ರೆ 6 ಫ್ರೇಮ್. ಕಾಂಟ್ರಾದಲ್ಲಿ ಎದುರಿಂದ ಬಂದ ಗುಂಡನ್ನ ನೋಡಿ ನೀವು ಸರಿಯಾದ ಹೊತ್ತಿಗೇ ಬಟನ್ ಒತ್ತಿದೀರ, ಆದ್ರೆ ನೀವು ನೋಡಿದ್ದೇ ಹಳೇ ಚಿತ್ರ, ಆಟದ ಒಳಗೆ ಆ ಗುಂಡು ಆಗ್ಲೇ ಮುಂದೆ ಬಂದಿದೆ.

ಕಣ್ಣಿಗೆ ಕಂಡಿದ್ದಕ್ಕೆ ಬಟನ್ ಒತ್ತೋಕೆ ಯಾವ ಆರೋಗ್ಯವಂತ ಮನುಷ್ಯನಿಗಾದ್ರೂ ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕು. ವಯಸ್ಸಾದ ಹಾಗೆ ಸ್ವಲ್ಪ ನಿಧಾನ ಆಗೋದು ನಿಜ, ಇಲ್ಲ ಅನ್ನಲ್ಲ, ಆದ್ರೆ 44ಕ್ಕೆ ಆಗೋ ನಿಧಾನ ನಿಮ್ಮ ಟಿವಿ ಸೇರಿಸ್ತಿರೋ ತಡಕ್ಕೆ ಹೋಲಿಸಿದ್ರೆ ಬಹಳ ಕಮ್ಮಿ. ಅದಕ್ಕಿಂತ ಮುಖ್ಯ ಅಂದ್ರೆ ಈ ಗೇಮುಗಳನ್ನ ಗೆಲ್ತಿದ್ದಿದ್ದು ರಿಫ್ಲೆಕ್ಸಿಂದ ಅಲ್ಲ, ಬಾಯಿಪಾಠದಿಂದ. ಕಾಂಟ್ರಾದಲ್ಲಿ ಯಾವ ಬಂಡೆ ಹತ್ರ ಯಾರು ಬರ್ತಾನೆ, ಎಲ್ಲಿ ಗುಂಡು ಹರಡಿ ಬಿಡೋ ಎಸ್ ಗನ್ ಬೀಳುತ್ತೆ ಅಂತ ನಿಮಗೆ ಗೊತ್ತಿತ್ತು. ಗ್ಯಾಲಗಾ ಚಾಲೆಂಜಿಂಗ್ ಸ್ಟೇಜಲ್ಲಿ 40 ಹುಳ ಬರೋ ದಾರಿ ಮೊದಲೇ ಗೊತ್ತು, ನಲವತ್ತೂ ಹೊಡೆದ್ರೆ 10,000 ಪಾಯಿಂಟ್, ಅದನ್ನ ಮಾಡೋರು ಹುಳ ಬರೋಕೆ ಮುಂಚೆನೇ ಅಲ್ಲಿ ಹೋಗಿ ನಿಂತಿರ್ತಾರೆ. ಸ್ಪೇಸ್ ಇನ್ವೇಡರ್ಸಲ್ಲಂತೂ ಮೇಲೆ ಹೋಗೋ ಹಾರುವ ತಟ್ಟೆಗೆ ಎಷ್ಟು ಪಾಯಿಂಟ್ ಅನ್ನೋದು ನೀವು ಎಷ್ಟನೇ ಗುಂಡಲ್ಲಿ ಹೊಡೆದ್ರಿ ಅನ್ನೋದ್ರ ಮೇಲೆ, ಮೊದಲು 23ನೇದು, ಆಮೇಲೆ ಪ್ರತಿ 15ನೇದು ತಾಗಿದ್ರೆ 300, ಜಪಾನಿನ ಹುಡುಗರು ಗುಂಡು ಎಣಿಸ್ಕೊಂಡು ಆಡ್ತಿದ್ರು. ಬಾಯಿಪಾಠ ವಾಪಸ್ ಬರುತ್ತೆ. ಬೆರಳು ಒತ್ತಿದ ಕ್ಷಣಕ್ಕೇ ಸ್ಕ್ರೀನು ಓಗೊಟ್ರೆ ಸಾಕು.

ತಡ ಎಷ್ಟು ಅಂತ ಅಳೆಯೋಕೆ ಯಾವ ಮೆಷಿನ್ನೂ ಬೇಡ. ನಿಮ್ಮ ಫೋನಲ್ಲಿ 240 ಫ್ರೇಮಿನ ಸ್ಲೋ ಮೋಷನ್ ಇದ್ರೆ ಹೆಬ್ಬೆರಳೂ ಟಿವಿನೂ ಎರಡೂ ಕಾಣೋ ಹಾಗೆ ಫೋನ್ ಇಟ್ಟು, ಜಂಪ್ ಬಟನ್ ನಾಲ್ಕೈದು ಸಲ ಒತ್ತಿ ರೆಕಾರ್ಡ್ ಮಾಡಿ. ಆಮೇಲೆ ಬಟನ್ ಪೂರ್ತಿ ಒಳಗೆ ಹೋದ ಚಿತ್ರದಿಂದ ಹಿಡಿದು ಆಳಿನ ಕಾಲು ನೆಲ ಬಿಡೋ ಚಿತ್ರದವರೆಗೂ ಒಂದೊಂದೇ ಸರಿಸಿ ಎಣಿಸಿ. ಒಂದು ಚಿತ್ರಕ್ಕೆ ಸುಮಾರು 4 ಮಿಲಿಸೆಕೆಂಡ್. 24 ಬಂದ್ರೆ 100. ಹಳೇ ಸೆಟ್ಟು, ಡಬ್ಬಾ ಟಿವಿ ಜೋಡೀಲಿ ಎಣಿಸಿದ್ರೆ ಬಹಳ ಬೇಗ ಮುಗಿಯುತ್ತೆ, ನನ್ನ ಬೆಂಚಿನ ಮೇಲೆ ಹತ್ತರ ಒಳಗೇ ಬರೋದು ಜಾಸ್ತಿ. ಟಿವಿ ಸೆಟ್ಟಿಂಗಲ್ಲಿ ಪಿಕ್ಚರ್ ಮೋಡ್ ಹೋಗಿ ಗೇಮ್ ಅಂತ ಇರೋದನ್ನ ಆನ್ ಮಾಡಿ, ಮೋಷನ್ ಸ್ಮೂತಿಂಗ್, ನಾಯ್ಸ್ ರಿಡಕ್ಷನ್ ಎಲ್ಲಾ ಆಫ್ ಮಾಡಿ ಮತ್ತೆ ಎಣಿಸಿ. ಚಿತ್ರದ ಅಳತೆ 4:3 ಇಡಿ, ಅಗಲಕ್ಕೆ ಎಳೆದ್ರೆ ಅಡ್ಡಕ್ಕೆ ಬರೋ ಗುಂಡು ಸ್ಕ್ರೀನ್ ಮೇಲೆ ಇನ್ನೂ ಜೋರಾಗಿ ಓಡುತ್ತೆ. ಇಷ್ಟಕ್ಕೇ ಎಷ್ಟೋ ಜನರ ಕಂಪ್ಲೇಂಟ್ ಅರ್ಧ ಹೋಗಿದೆ, ಒಂದು ರೂಪಾಯಿ ಖರ್ಚಿಲ್ಲ.

ಗನ್ನಿನ ಬಗ್ಗೆ ನೀವು ಕೇಳಿಲ್ಲ, ಆದ್ರೆ ಅಟ್ಟದಿಂದ ಇಳಿಸಿದ ತಕ್ಷಣ ಮಗಳು ಮೊದಲು ಎತ್ಕೊಳ್ಳೋದೇ ಅದನ್ನ, ಆಮೇಲೆ ಕೆಟ್ಟುಹೋಗಿದೆ ಅಂತ ಎಸೆದುಬಿಟ್ಟೀರ, ಅದಕ್ಕೆ ಹೇಳ್ತೀನಿ. ಬಾತುಕೋಳಿ ಆಟ 1984ರ ಡಕ್ ಹಂಟ್. ಗನ್ನಿಂದ ಏನೂ ಹೊರಗೆ ಹೋಗಲ್ಲ, ಗನ್ನಿನ ಮೂತಿಯಲ್ಲಿರೋದು ಬೆಳಕು ನೋಡೋ ಒಂದು ಸೆನ್ಸರ್. ನೀವು ಟ್ರಿಗರ್ ಒತ್ತಿದ ಕ್ಷಣ ಗೇಮು ಒಂದು ಫ್ರೇಮ್ ಇಡೀ ಸ್ಕ್ರೀನ್ ಕಪ್ಪು ಮಾಡಿ, ಮುಂದಿನ ಫ್ರೇಮಲ್ಲಿ ಬಾತುಕೋಳಿ ಇರೋ ಜಾಗದಲ್ಲಿ ಬಿಳೀ ಚೌಕ ಹಾಕುತ್ತೆ, ಆ ಹೊತ್ತಲ್ಲಿ ಸೆನ್ಸರಿಗೆ ಬೆಳಕು ಕಂಡ್ರೆ ಗುರಿ ತಾಗಿದ ಹಾಗೆ. ಟಿವಿ ಆ ಬಿಳೀ ಚೌಕವನ್ನ ತಡವಾಗಿ ತೋರಿಸಿದ್ರೆ ಗೇಮು ನೋಡಿ ಮುಗಿಸಿ ಆಗಿರುತ್ತೆ, ಜೊತೆಗೆ ಆ ಗನ್ನಿನ ಸರ್ಕ್ಯೂಟು ಡಬ್ಬಾ ಟಿವಿ ಗೆರೆ ಎಳೆಯೋ ಮಿಡಿತಕ್ಕೇ ಟ್ಯೂನ್ ಆಗಿರುತ್ತೆ. ಹಾಗಾಗಿ ಎಲ್‌ಇಡಿ ಮೇಲೆ ಅದು ಯಾವತ್ತೂ ಕೆಲಸ ಮಾಡಲ್ಲ. ಅಮ್ಮನ ಮನೆ ಟಿವಿಗೆ ಹಾಕಿ ನೋಡೋವರೆಗೂ ಅದನ್ನ ಬಿಚ್ಚಬೇಡಿ. ಇನ್ನೊಂದು ವಿಷಯ, ಒಂದೇ ಬಾತುಕೋಳಿ ಬರೋ ಆಟದಲ್ಲಿ ಎರಡನೇ ರಿಮೋಟ್ ಹಿಡಿದೋರು ಆ ಬಾತುಕೋಳೀನ ಹಾರಿಸ್ಬಹುದು, ಇದು ಆಗಿನ ಕಾಲದಲ್ಲಿ ನಮ್ಮ ಕಡೆ ಬಹಳ ಜನಕ್ಕೆ ಗೊತ್ತೇ ಇರ್ಲಿಲ್ಲ.

ಪಿಕ್ಚರ್ ಟ್ಯೂಬ್ ಹೋಗುತ್ತೆ ಅನ್ನೋದಕ್ಕೆ ಒಂದು ಬೇರು ಇದೆ, ನಿಮ್ಮಣ್ಣ ಸುಮ್ನೆ ಹೇಳ್ತಿಲ್ಲ. ಪಾರ್ಲರ್ ಮೆಷಿನ್‌ಗಳಲ್ಲಿ ಒಂದೇ ಚಿತ್ರ ವರ್ಷಗಟ್ಟಲೆ ಬೆಳಗ್ಗೆಯಿಂದ ರಾತ್ರಿವರೆಗೂ ನಿಂತು ನಿಂತು ಟ್ಯೂಬಿನ ಒಳಗಿನ ಲೇಪನ ಸವೆದು, ಮೆಷಿನ್ ಆಫ್ ಮಾಡಿದ್ರೂ ಸ್ಕೋರಿನ ಅಕ್ಷರ ಗಾಜಲ್ಲಿ ಕಾಣ್ತಿತ್ತು, ಅಂಥ ಟ್ಯೂಬುಗಳನ್ನ ನಾನೇ ಬದಲಾಯಿಸಿದೀನಿ. ಮನೇಲಿ ರಜೆ ದಿನ ಒಂದೆರಡು ಗಂಟೆ ಆಡಿದ್ರೆ ಹಾಗಾಗಲ್ಲ. ಬ್ರೈಟ್‌ನೆಸ್ ಸ್ವಲ್ಪ ಇಳಿಸಿ, ಆಟ ಮಧ್ಯದಲ್ಲಿ ನಿಲ್ಲಿಸಿಟ್ಟು ಊಟಕ್ಕೆ ಹೋಗಬೇಡಿ, ಅಷ್ಟೇ.

ಪಾರ್ಲರ್ ಅಂದಾಗ ನೆನಪಾಯ್ತು, ಗಲ್ಲಾ ಕೆಳಗಿನ ಸ್ವಿಚ್ ಒತ್ತಿ ಅಂಕಲ್ಲು ಗೇಮ್ ಕಷ್ಟ ಮಾಡ್ತಾರೆ ಅಂತ ಎಲ್ಲಾ ಊರಲ್ಲೂ ಹುಡುಗರು ನಂಬ್ತಿದ್ರು. ಬೋರ್ಡ್ ಮೇಲೆ ಡಿಪ್ ಸ್ವಿಚ್ ಅಂತ ಸಣ್ಣ ಸ್ವಿಚ್ಚುಗಳ ಸಾಲು ಇರೋದು ನಿಜ, ಎಷ್ಟು ಲೈಫು, ಎಷ್ಟು ಸ್ಕೋರಿಗೆ ಎಕ್ಸ್‌ಟ್ರಾ ಲೈಫು, ಎಷ್ಟು ಕಷ್ಟ ಅಂತ ಅದರಲ್ಲೇ ಸೆಟ್ ಮಾಡೋದು. ಆದ್ರೆ ಅದಕ್ಕೆ ಕ್ಯಾಬಿನೆಟ್ ತೆಗೀಬೇಕು, ಹೆಚ್ಚಿನ ಬೋರ್ಡುಗಳು ಪವರ್ ಆನ್ ಆಗೋವಾಗ ಮಾತ್ರ ಅದನ್ನ ಓದ್ತವೆ, ನೀವು ಆಡ್ತಿರೋವಾಗ ಯಾರೂ ಏನೂ ಮಾಡೋಕೆ ಆಗ್ತಿರ್ಲಿಲ್ಲ. ಚೆನ್ನಾಗಿ ಆಡಿದಷ್ಟೂ ಕಷ್ಟ ಆಗ್ತಿತ್ತು ಅನ್ನೋ ಅನುಮಾನ ಮಾತ್ರ ಕೆಲವು ಗೇಮಲ್ಲಿ ಸರಿ, ನಾಮ್ಕೋದ ಜೆವಿಯಸ್ ನಿಮ್ಮ ಕೈಚಳಕ ನೋಡಿ ಶತ್ರುಗಳನ್ನ ಬದಲಾಯಿಸ್ತಿತ್ತು.

ಇನ್ನು ದಾರಿಗಳು.

ಹಳೇ ಸೆಟ್ಟು ರಿಪೇರಿ ಮಾಡಿಸಿ ಅಮ್ಮನ ಟಿವಿಗೆ ಹಾಕೋದು ನನ್ನ ಮೊದಲ ಆಯ್ಕೆ, ಯಾಕಂದ್ರೆ ನಿಮ್ಮ ಬೆರಳು ಕಲಿತ ವೇಗ, ನಿಮ್ಮ ಗನ್ನು, ತಡ ಇಲ್ಲದ ಸ್ಕ್ರೀನು, ಮೂರೂ ಅಲ್ಲೊಂದೇ ಕಡೆ ಸಿಗುತ್ತೆ. ಇಂಥ ಸೆಟ್ಟಲ್ಲಿ ಕೆಡೋದು ಬಹಳ ಕಮ್ಮಿ: ಒಳಗೆ ಒಂದು ವೋಲ್ಟೇಜ್ ರೆಗ್ಯುಲೇಟರ್, ಒಂದೆರಡು ಕೆಪಾಸಿಟರ್, ಕ್ಯಾಸೆಟ್ ಸ್ಲಾಟು, ರಿಮೋಟ್ ಒಳಗಿನ ರಬ್ಬರ್ ಪ್ಯಾಡು. ಅನುಭವ ಇರೋ ಟಿವಿ ಮೆಕ್ಯಾನಿಕ್ ಯಾರಾದ್ರೂ ಮಾಡ್ತಾರೆ. ಅಪಾಯ ಇರೋದು ಅಡಾಪ್ಟರಲ್ಲಿ. ಈ ನಕಲು ಸೆಟ್ಟುಗಳಲ್ಲಿ ಪಿನ್ನಿನ ಒಳಗೆ ಪ್ಲಸ್ಸಾ ಮೈನಸ್ಸಾ ಅನ್ನೋದು ಕಂಪನಿಗೊಂದು ಥರ, ಪಿನ್ ಸರಿಯಾಗಿ ಕೂತ್ಕೊಳ್ತು ಅಂತ ಯಾವುದೋ ಮೋಡೆಮ್ಮಿನ ಅಡಾಪ್ಟರ್ ಚುಚ್ಚಿ ಸುಟ್ಕೊಂಡು ಬಂದ ಸೆಟ್ಟುಗಳೇ ನನ್ನ ಹತ್ರ ಜಾಸ್ತಿ. ಕ್ಯಾಸೆಟ್ ಓಡದಿದ್ರೆ ಉಫ್ ಅಂತ ಊದಬೇಡಿ. ಊದಿದ್ರಿಂದ ಓಡ್ತಿರ್ಲಿಲ್ಲ, ತೆಗೆದು ಮತ್ತೆ ಹಾಕಿದಾಗ ಕಾಂಟ್ಯಾಕ್ಟ್ ಕೂತು ಓಡ್ತಿತ್ತು, ಉಸಿರಿನ ತೇವ ಪಿನ್ನುಗಳಿಗೆ ಕಿಲುಬು ಹಿಡಿಸುತ್ತೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಗೆ ಹಾಕಿ ಚಿನ್ನದ ಬಣ್ಣದ ಪಟ್ಟಿಗಳನ್ನ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಡಬ್ಬಾ ಟಿವಿ ಮಾತ್ರ ನೀವು ಯಾವ ಕಾರಣಕ್ಕೂ ಬಿಚ್ಚಬೇಡಿ, ಕಲರ್ ಟ್ಯೂಬಿನ ಹಿಂದೆ 20,000 ವೋಲ್ಟಿಗೂ ಮೇಲೆ ಇರುತ್ತೆ, ಪ್ಲಗ್ ಕಿತ್ತಮೇಲೂ ಚಾರ್ಜ್ ಉಳಿದಿರುತ್ತೆ. ಮತ್ತೆ ಅದು ಮುಂದಕ್ಕೆ ಭಾರ, ಮಗು ಇರೋ ಮನೇಲಿ ಅಲುಗಾಡೋ ಸ್ಟೂಲಿನ ಮೇಲೆ ಇಡಬೇಡಿ.

ಹಳೇ ಸೆಟ್ಟನ್ನ ಅಗ್ಗದ ಎವಿ ಕನ್ವರ್ಟರ್ ಹಾಕಿ ಎಲ್‌ಇಡಿಗೆ ಕೊಡೋದು ಬೇಡ. ಆ ಹಳೇ ಸೆಟ್ಟು ಒಂದು ಅಡ್ಡ ಗೆರೆಯಲ್ಲಿ ಓಡಾಡೋ ಚಿತ್ರದ 8 ತುಣುಕು ಮಾತ್ರ ತೋರಿಸ್ಬಲ್ಲದು, ಅದಕ್ಕೇ ಕಾಂಟ್ರಾದಲ್ಲಿ ಗುಂಡು ಜಾಸ್ತಿ ಆದಾಗ ಎಲ್ಲಾ ಮಿಣಮಿಣ ಅನ್ನೋದು, ಫ್ರೇಮ್ ಬಿಟ್ಟು ಫ್ರೇಮ್ ಸರದಿ ಮೇಲೆ ತೋರಿಸ್ತಾರೆ. ಅಗ್ಗದ ಕನ್ವರ್ಟರು ಎರಡೆರಡು ಫ್ರೇಮ್ ಕಲಸಿಬಿಡೋದ್ರಿಂದ ಮಿಣುಕೋ ಗುಂಡು ಕೆಲವು ಸಲ ಪೂರ್ತಿ ಮಾಯ ಆಗುತ್ತೆ. ಕಾಣದ ಗುಂಡಿಗೆ ಸಾಯೋದಕ್ಕಿಂತ ಬೇಜಾರು ಇನ್ನೊಂದಿಲ್ಲ.

ಊರಿಗೆ ಹೋಗೋದು ವರ್ಷಕ್ಕೆರಡು ಸಲ, ದಿನಾ ಆಡ್ಬೇಕು ಅನ್ನೋದಾದ್ರೆ ಒಂದು ಸಾಧಾರಣ ಲ್ಯಾಪ್‌ಟಾಪು, ವೈರ್ ಇರೋ ಯುಎಸ್‌ಬಿ ರಿಮೋಟು ಸಾಕು. ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ದುಡ್ಡು ಕೊಟ್ಟು ಸರಿಯಾದ ದಾರೀಲಿ ತಗೊಳ್ಳೋಕೆ ಕಾಂಟ್ರಾ ಆನಿವರ್ಸರಿ ಕಲೆಕ್ಷನ್ ಇದೆ, ಪಾರ್ಲರಿನ 1942 ಬೇಕಾದ್ರೆ ಕ್ಯಾಪ್‌ಕಾಂ ಆರ್ಕೇಡ್ ಸ್ಟೇಡಿಯಂ, ನಾಮ್ಕೋ ಮ್ಯೂಸಿಯಂ ಆರ್ಕೈವ್ಸ್ ಮೊದಲನೇ ಭಾಗದಲ್ಲಿ ಗ್ಯಾಲಕ್ಸಿಯನ್, ಎರಡನೇದ್ರಲ್ಲಿ ಗ್ಯಾಲಗಾ ಮತ್ತೆ ಟ್ಯಾಂಕಿನ ಬ್ಯಾಟಲ್ ಸಿಟಿ, ಇವು ನೀವು ಕ್ಯಾಸೆಟ್ಟಲ್ಲಿ ಆಡಿದ ಮನೆ ಆವೃತ್ತಿಗಳೇ. ಆದ್ರೆ ಇವೆಲ್ಲಾ 60ರಲ್ಲೇ ಓಡ್ತವೆ, ಕೈ ಹೊಂದಿಕೊಳ್ಳೋಕೆ ಸ್ವಲ್ಪ ದಿನ ಕೊಡ್ಬೇಕು. ಹಳೇ ವೇಗಾನೇ ಬೇಕು ಅಂದ್ರೆ ಮೆಸೆನ್, ಎಫ್‌ಸಿಇಯುಎಕ್ಸ್ ಥರದ ಎಮ್ಯುಲೇಟರಲ್ಲಿ ರೀಜನ್ ಅನ್ನೋ ಕಡೆ ಡೆಂಡಿ ಅಂತ ಒಂದು ಆಯ್ಕೆ ಇರುತ್ತೆ. ಡೆಂಡಿ ಅಂದ್ರೆ ರಷ್ಯಾದಲ್ಲಿ ಮಾರ್ತಿದ್ದ ನಕಲು ಸೆಟ್ಟು, ಅಲ್ಲೂ 50ರದ್ದೇ ಟಿವಿ, ಹಾಗಾಗಿ ನಮ್ಮ ಸೆಟ್ಟಿನ ವೇಗ ಅದರಲ್ಲಿ ಸಿಗುತ್ತೆ. ಎಮ್ಯುಲೇಟರ್‌ಗಳನ್ನ ಓಡಿಸೋ ರೆಟ್ರೊಆರ್ಚ್ ಅನ್ನೋ ಪ್ರೋಗ್ರಾಂನಲ್ಲಿ ತಡ ಇಳಿಸೋಕೆ ರನ್ ಅಹೆಡ್ ಅಂತ ಇದೆ, ಅದನ್ನ ಒಂದು ಫ್ರೇಮಿಗೆ ಇಟ್ರೆ ತಡ ಇನ್ನೂ ಇಳಿಯುತ್ತೆ. ನೆಟ್ಟಲ್ಲಿ ಸಿಗೋ ಗೇಮ್ ಫೈಲುಗಳನ್ನ ಸುಮ್ನೆ ಇಳಿಸ್ಕೊಳ್ಳೋದು ಕಾಪಿರೈಟ್ ಉಲ್ಲಂಘನೆ, ನಿಮ್ಮ ಸ್ಟಿಕ್ಕಿನೊಳಗೆ ತುಂಬಿ ಮಾರಿರೋದೂ ಅದನ್ನೇ, ಇದು ಗೊತ್ತಿರ್ಲಿ. ಆ ಸ್ಟಿಕ್ಕಿನ ಮೇಲೆ ಸಾವಿರಾರು ಗೇಮ್ ಅಂತ ಬರೆದಿರೋದೂ ಹಳೇ ಕ್ಯಾಸೆಟ್ಟಿನ ಲೆಕ್ಕವೇ, ಅದೇ ಗೇಮು ಬೇರೆ ಬೇರೆ ಹೆಸರಲ್ಲಿ, ಬೇರೆ ಸ್ಟೇಜಿಂದ ಶುರುವಾಗೋ ಹಾಗೆ ತಿದ್ದಿ ಮತ್ತೆ ಮತ್ತೆ ಬರುತ್ತೆ. ಫೋನ್ ಸ್ಕ್ರೀನ್ ಮೇಲೆ ಬೆರಳು ಉಜ್ಜಿ ಆಡೋದನ್ನ ಶೂಟರ್‌ಗೆ ನಾನು ಹೇಳಲ್ಲ.

ಕೈ ಹೊಂದಿಕೊಳ್ಳೋವರೆಗೂ ಕಾಂಟ್ರಾದಲ್ಲಿ 30 ಲೈಫ್ ತಗೊಳ್ಳಿ, ನಾಚಿಕೆ ಏನಿಲ್ಲ: ಟೈಟಲ್ ಬರೋವಾಗ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ, ಆಮೇಲೆ ಸ್ಟಾರ್ಟ್. ಈ ಕೋಡ್ ಮೊದಲು ಬಂದಿದ್ದು 1986ರಲ್ಲಿ ಗ್ರೇಡಿಯಸ್ ಅನ್ನೋ ಶೂಟಿಂಗ್ ಗೇಮಿನ ಮನೆ ಆವೃತ್ತೀಲಿ, ಕಾಂಟ್ರಾ ಮಾಡಿದ ಕೊನಾಮಿ ಕಂಪನಿಯ ಕಝುಹಿಸಾ ಹಾಶಿಮೊಟೊ ತಾವು ಟೆಸ್ಟ್ ಮಾಡೋವಾಗ ಆ ಗೇಮ್ ವಿಪರೀತ ಕಷ್ಟ ಆಯ್ತು ಅಂತ ಹಾಕ್ಕೊಂಡಿದ್ದು. ಗೇಮ್ ಮಾಡೋರೇ ಮೂರು ಲೈಫಲ್ಲಿ ಒದ್ದಾಡಿದಾರೆ.

ಮಗಳ ವಿಷಯ. ನಾನು ಮಕ್ಕಳ ಡಾಕ್ಟರಲ್ಲ, ನನ್ನ ಕೆಲಸದಲ್ಲಿ ಗೊತ್ತಿರೋದು ಹೇಳ್ತೀನಿ. ಶೂಟಿಂಗ್ ಅನ್ನೋ ಒಂದೇ ಪದದ ಕೆಳಗೆ ಬಹಳ ಬೇರೆ ಬೇರೆ ವಸ್ತು ಇದೆ, ಹುಳ ಹೊಡೆಯೋ ಗ್ಯಾಲಕ್ಸಿಯನ್ನೂ ಈಗಿನ ಫೋನಲ್ಲಿ ಮನುಷ್ಯರನ್ನ ಹೊಡೆಯೋದೂ ಒಂದೇ ಅಲ್ಲ, ಮನೆಯವರ ಹತ್ರ ಕೂತು ಒಂದು ಆಟ ಅವರ ಕೈಗೂ ಕೊಟ್ಟು ನೋಡಿ, ಕಾಂಟ್ರಾನ ಆಮೇಲೆ ತೋರಿಸಿದ್ರಾಯ್ತು. ಈ ಗೇಮುಗಳಲ್ಲಿ ಜಾಹೀರಾತಿಲ್ಲ, ಗೊತ್ತಿಲ್ಲದೋರ ಜೊತೆ ಚಾಟ್ ಇಲ್ಲ, ದುಡ್ಡು ಕೊಟ್ಟು ಗನ್ ಕೊಳ್ಳೋದಿಲ್ಲ. ನಿಜವಾದ ಅಪಾಯ ಒಂದಿದೆ, ಜೋರಾಗಿ ಮಿನುಗೋ ಸ್ಕ್ರೀನು ಕೆಲವು ಮಕ್ಕಳಿಗೆ ಫಿಟ್ಸ್ ತರ್ಸುತ್ತೆ. ಅವಳಿಗೆ ಅಥವಾ ಮನೇಲಿ ಯಾರಿಗಾದ್ರೂ ಫಿಟ್ಸ್ ಬಂದಿದ್ರೆ ಡಾಕ್ಟರ್ ಕೇಳದೆ ಶುರು ಮಾಡಬೇಡಿ. ಇಲ್ಲದಿದ್ರೂ ಲೈಟ್ ಹಾಕಿರೋ ರೂಮಲ್ಲಿ, ಟಿವಿಯಿಂದ ದೂರ ಕೂರಿಸಿ. ಹೊತ್ತನ್ನ ನಿಮಿಷದಲ್ಲಿ ಕಟ್ಟೋ ಬದಲು ಆಟದ ಲೆಕ್ಕದಲ್ಲಿ ಕಟ್ಟಿ, ಮೂರು ಆಟ ಆದ್ಮೇಲೆ ರಿಮೋಟ್ ನಿಮಗೆ, ಆಗ ಜಗಳ ಬರಲ್ಲ.

ಯಾವುದರಿಂದ ಶುರು ಅಂದ್ರೆ ಗ್ಯಾಲಕ್ಸಿಯನ್. ಎಡ, ಬಲ, ಒಂದು ಗುಂಡು, ಐದು ನಿಮಿಷದಲ್ಲಿ ಅರ್ಥ ಆಗುತ್ತೆ. ಅದಾದ್ಮೇಲೆ ಗ್ಯಾಲಗಾ, ಬಲೆ ಬೀಸಿದಾಗ ಬೇಕು ಅಂತಲೇ ಸಿಕ್ಕಿಹಾಕ್ಕೊಳ್ಳೋ ಧೈರ್ಯ ಬರ್ತಿದ್ದ ಹಾಗೆ ಅವಳು ಆ ಆಟದ ಒಳಗೆ ಬಂದ್ಲು ಅಂತ ತಿಳ್ಕೊಳ್ಳಿ. ಸಾಧ್ಯ ಆದ್ರೆ 1982ರ ರಿವರ್ ರೇಡ್ ಕೂಡ ತೋರಿಸಿ. ಕ್ಯಾರಲ್ ಶಾ ಅನ್ನೋ ಹೆಣ್ಣುಮಗಳು ಆಕ್ಟಿವಿಷನ್ ಕಂಪನೀಲಿದ್ದಾಗ ಅಟಾರಿ 2600 ಅನ್ನೋ ಟಿವಿ ಗೇಮ್ ಮೆಷಿನ್ನಿಗೆ ಬರೆದಿದ್ದು, 128 ಬೈಟ್ ಮೆಮೊರಿ ಇದ್ದ ಮೆಷಿನ್ನಲ್ಲಿ ಉದ್ದೋ ಉದ್ದದ ನದಿ ಹರಿಸಿದ್ದಾರೆ, ನದಿಯ ನಕ್ಷೆ ಎಲ್ಲೂ ಬರೆದಿಟ್ಟಿಲ್ಲ, ಒಂದೇ ಸಂಖ್ಯೆಯಿಂದ ಶುರು ಮಾಡಿ ಲೆಕ್ಕ ಹಾಕ್ಕೊಂಡು ಹೋಗುತ್ತೆ, ಹಾಗಾಗಿ ಪ್ರತಿ ಸಲವೂ ಅದೇ ನದಿ, ಅದೇ ತಿರುವು, ಬಾಯಿಪಾಠ ಮಾಡ್ಬಹುದು.

ಈ ವಾರ ಟಿವಿಯ ಗೇಮ್ ಮೋಡ್ ಆನ್ ಮಾಡಿ ಎಣಿಸಿ ನೋಡಿ. ಊರಿಗೆ ಹೋದಾಗ ಸೆಟ್ಟು ಅಟ್ಟದಿಂದ ಇಳಿಸಿ, ಅಡಾಪ್ಟರ್ ತಗೊಳ್ಳೋಕೆ ಮುಂಚೆ ತಳದಲ್ಲಿರೋ ಚೀಟಿ, ಪವರ್ ಪಿನ್ನಿನ ತೂತು, ಎರಡರ ಫೋಟೋ ಕಳಿಸಿ. ಚೀಟಿ ಅಳಿಸಿಹೋಗಿದ್ರೆ ನಾಲ್ಕು ಸ್ಕ್ರೂ ಬಿಚ್ಚಿ ಒಳಗಿನ ಬೋರ್ಡಿನ ಫೋಟೋ ಹಾಕಿ, ರೆಗ್ಯುಲೇಟರಿಗೆ ಹೋಗೋ ದಾರಿ ನೋಡಿ ಪ್ಲಸ್ಸು ಯಾವ ಕಡೆ, ಎಷ್ಟು ವೋಲ್ಟ್ ಬೇಕು ಅಂತ ಹೇಳ್ತೀನಿ. ಅಲ್ಲೀವರೆಗೂ ಯಾವ ಅಡಾಪ್ಟರನ್ನೂ ಚುಚ್ಚಬೇಡಿ.